ಸಿಗ್ನಲ್‌ನಲ್ಲಿ ಬೈಕ್ ಆಫ್ ಮಾಡಿದರೆ ಏನೂ ಹಾಳಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿ ಎಂದು ಹೇಳುವವರಿಗೆ ಬೈಕ್ ಬಗ್ಗೆ ಏನೂ ಗೊತ್ತಿಲ್ಲ ಎಂಬುದು ಅವರ ಮಾತು. ಮತ್ತೆ ಸ್ಟಾರ್ಟ್ ಮಾಡಲು ಜಾಸ್ತಿ ಪೆಟ್ರೋಲ್ ಬೇಕು, ಬ್ಯಾಟರಿ ಡೌನ್ ಆಗುತ್ತದೆ, ಸೆಲ್ಫ್ ಮೋಟಾರ್ ಹೋಗುತ್ತದೆ, ಇಂಜಿನ್ ಸವೆಯುತ್ತದೆ ಎಂದು ಕಾರಣಗಳನ್ನೂ ಕೊಟ್ಟಿದ್ದರು. ನಾನು ಬೈಕ್ ಮೆಕ್ಯಾನಿಕ್. ಈ ಮಾತುಗಳನ್ನು ಗ್ಯಾರೇಜ್‌ನಲ್ಲಿ ದಿನಾ ಕೇಳುತ್ತೇನೆ. ಅಲ್ಲಿ ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಗಿದೆ. ಪೇಪರ್‌ನಲ್ಲೇ ಬಂದ ಮೇಲೆ ಪೇಪರ್‌ನಲ್ಲೇ ಉತ್ತರ ಕೊಡೋಣ ಅಂತ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಎಲ್ಲಾದರೂ ಕತ್ತರಿಸಬೇಕಾದರೆ ಬ್ಯಾಟರಿ ಭಾಗವನ್ನು ಮಾತ್ರ ಬಿಡಬೇಡಿ.

ಪೆಟ್ರೋಲ್ ಲೆಕ್ಕ ಬೇಗ ಮುಗಿಯುತ್ತದೆ. 100ರಿಂದ 150 ಸಿಸಿ ಬೈಕ್ ನ್ಯೂಟ್ರಲ್‌ನಲ್ಲಿ ನಿಂತಾಗ ಇಂಜಿನ್ ನಿಮಿಷಕ್ಕೆ ಸುಮಾರು 1,200ರಿಂದ 1,500 ಸುತ್ತು ತಿರುಗುತ್ತಿರುತ್ತದೆ. ಹೀಗೆ ನಿಂತಲ್ಲೇ ಓಡುವುದಕ್ಕೆ ಗಂಟೆಗೆ ಹತ್ತಿರ ಹತ್ತಿರ 150ರಿಂದ 250 ಮಿಲಿ ಪೆಟ್ರೋಲ್ ಬೇಕು. ನಡುವಿನ ಅಂದಾಜು ಹಿಡಿದರೆ ನಿಮಿಷಕ್ಕೆ 3 ಮಿಲಿಗಿಂತ ಸ್ವಲ್ಪ ಜಾಸ್ತಿ. ಲೀಟರ್‌ಗೆ 50 ಕಿಲೋಮೀಟರ್ ಕೊಡುವ ಗಾಡಿ ಅಷ್ಟೇ ಪೆಟ್ರೋಲ್‌ನಲ್ಲಿ 150 ಮೀಟರ್ ದಾಟಿ ಹೋಗುತ್ತದೆ. ಒಂದು ಸಿಗ್ನಲ್‌ನ ಉಳಿತಾಯದಿಂದ ಯಾರೂ ಸಾಹುಕಾರರಾಗುವುದಿಲ್ಲ, ಒಪ್ಪುತ್ತೇನೆ. ಆದರೆ ದಿನಕ್ಕೆ ಒಟ್ಟು 10 ನಿಮಿಷ ಹೀಗೆ ನಿಲ್ಲುವವರಿಗೆ ತಿಂಗಳಲ್ಲಿ ಒಂದು ಲೀಟರ್ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಸಿಗ್ನಲ್‌ನಲ್ಲಿ ನಿಲ್ಲುವವರು ನೀವೊಬ್ಬರೇ ಅಲ್ಲವಲ್ಲ.

ಸ್ಟಾರ್ಟ್ ಮಾಡಲು ಜಾಸ್ತಿ ಪೆಟ್ರೋಲ್ ಬೇಕು ಎಂಬುದು ಕಾರ್ಬುರೇಟರ್ ಕಾಲದ ಮಾತು. ಅದೂ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಚೋಕ್ ಎಳೆದು ಹತ್ತು ಕಿಕ್ ಹೊಡೆಯುವಾಗ ಮಾತ್ರ ನಿಜ. ಓಡಿ ಬಿಸಿಯಾದ ಇಂಜಿನ್ ಒಂದು ನಿಮಿಷ ನಿಂತು ಮತ್ತೆ ಸ್ಟಾರ್ಟ್ ಆಗುವಾಗ ಅರ್ಧ ಸೆಕೆಂಡ್ ಕೂಡ ತೆಗೆದುಕೊಳ್ಳುವುದಿಲ್ಲ. ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಇಂಜಿನ್ ಎಷ್ಟು ಬಿಸಿ ಇದೆ ಎಂದು ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬೀಳುತ್ತದೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ಕಾರುಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. 10 ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವುದಾದರೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದೇ ಲಾಭ ಎಂಬುದು ಅವರ ಲೆಕ್ಕ. ಅದು ಕಾರಿನದು, ಬೈಕಿನದಲ್ಲ. ಆದರೆ ನಿಂತಾಗ ತಾನೇ ಆಫ್ ಆಗುವ ಬೈಕು, ಸ್ಕೂಟರ್‌ಗಳು ಎಷ್ಟೋ ವರ್ಷದಿಂದ ರಸ್ತೆಯಲ್ಲಿವೆ. ಅವು ಮೂರು, ಐದು ಸೆಕೆಂಡ್‌ನಲ್ಲೇ ಇಂಜಿನ್ ನಿಲ್ಲಿಸುತ್ತವೆ. ನಷ್ಟವಾಗುವಂತಿದ್ದರೆ ಅದನ್ನು ಮಾಡಿದವರು ಅಷ್ಟು ಅವಸರ ಪಡುತ್ತಿರಲಿಲ್ಲ.

ಕೈಯಲ್ಲಿ ಆಫ್ ಮಾಡುವವರಿಗೆ ಮೂರು ಸೆಕೆಂಡ್ ಲೆಕ್ಕ ಬೇಡ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು ಅಂತ ಕಂಡರೆ ಆಫ್ ಮಾಡಿ. ಹತ್ತು ಸೆಕೆಂಡ್ ಉಳಿದಿದ್ದರೆ ಸುಮ್ನೆ ನಿಂತಿರಿ, ಗಡಿಬಿಡಿ ಯಾಕೆ?

ಇನ್ನು ಬ್ಯಾಟರಿ. ಬ್ಯಾಟರಿ ಡೌನ್ ಅಂತ ಗಾಡಿ ತಳ್ಳಿಕೊಂಡು ಬರುವವರು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು.

‘ಅಣ್ಣಾ, ಸಿಗ್ನಲ್‌ನಲ್ಲಿ ಆಫ್ ಮಾಡಿ ಮಾಡಿ ಹೀಗಾಯ್ತು.’

‘ಯಾವುದರಲ್ಲಿ ಆಫ್ ಮಾಡ್ತೀಯಪ್ಪಾ? ಕೀಲಾ, ಕೆಂಪು ಸ್ವಿಚ್ಚಲ್ಲಾ?’

‘ಕೆಂಪು ಸ್ವಿಚ್ಚಲ್ಲೇ. ಕೀ ಯಾರು ತಿರುಗಿಸ್ತಾರೆ?’

ತೊಂದರೆ ಇರುವುದು ಇಲ್ಲೇ. ಬಲಗೈ ಹೆಬ್ಬೆರಳಿನ ಹತ್ತಿರ ಇರುವ ಆ ಕಿಲ್ ಸ್ವಿಚ್ ಇಂಜಿನ್ ಮಾತ್ರ ನಿಲ್ಲಿಸುತ್ತದೆ. ಕೀ ಆನ್‌ನಲ್ಲೇ ಇರುತ್ತದೆ. ಕೆಲವು ಗಾಡಿಗಳಲ್ಲಿ ಇಂಜಿನ್ ನಿಂತ ತಕ್ಷಣ ಹೆಡ್‌ಲೈಟೂ ಆರುತ್ತದೆ. ಆರದ ಗಾಡಿಗಳೂ ಬಹಳ ಇವೆ, ಈಗಿನ ಬೈಕ್‌ಗಳಲ್ಲಿ ಹೆಡ್‌ಲೈಟ್‌ಗೆ ಬೇರೆ ಸ್ವಿಚ್ಚೇ ಇರುವುದಿಲ್ಲ. ಹಗಲಲ್ಲಿ ಅದು ಉರಿಯುತ್ತಿರುವುದು ಕುಳಿತವರಿಗೆ ಕಾಣುವುದೂ ಇಲ್ಲ.

ಲೆಕ್ಕ ಹಾಕಿ ನೋಡಿ. ಹಳೆಯ ಹ್ಯಾಲೊಜೆನ್ ಬಲ್ಬ್ 35 ವಾಟ್‌ನದು. 12 ವೋಲ್ಟ್ ಬ್ಯಾಟರಿಯಿಂದ ಅದು ಹೆಚ್ಚುಕಮ್ಮಿ 3 ಆಂಪಿಯರ್ ಎಳೆಯುತ್ತದೆ. ಒಂದು ನಿಮಿಷ, ಅಂದರೆ 60 ಸೆಕೆಂಡ್ ಉರಿದರೆ 3 ಸಲ 60, ಒಟ್ಟು 180 ಆಂಪಿಯರ್-ಸೆಕೆಂಡ್. ಈಗ ಸೆಲ್ಫ್ ತೆಗೆದುಕೊಳ್ಳಿ. ಸಣ್ಣ ಬೈಕಿನ ಸೆಲ್ಫ್ ಮೋಟಾರ್ 50 ಆಂಪಿಯರ್ ಎಳೆಯಿತು, ಇಂಜಿನ್ ಸ್ಟಾರ್ಟ್ ಆಗಲು ಒಂದು ಇಡೀ ಸೆಕೆಂಡ್ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಆಗ ಬಂದದ್ದು 50 ಆಂಪಿಯರ್-ಸೆಕೆಂಡ್. ಒಂದು ನಿಮಿಷ ಹೆಡ್‌ಲೈಟ್ ಉರಿಸಿದ ಕರೆಂಟ್‌ನಲ್ಲಿ ಮೂರು ಸಲ ಸ್ಟಾರ್ಟ್ ಮಾಡಿ ಇನ್ನೂ ಸ್ವಲ್ಪ ಉಳಿಯುತ್ತದೆ! ಬೈಯಿಸಿಕೊಳ್ಳುತ್ತಿರುವುದು ಸೆಲ್ಫ್, ತಿನ್ನುತ್ತಿರುವುದು ಹೆಡ್‌ಲೈಟ್. ಎಲ್‌ಇಡಿ ಲೈಟ್ ಆದರೆ ಎಳೆತ ಕಡಿಮೆ. ಆದರೂ ಕಿಲ್ ಸ್ವಿಚ್ ಒತ್ತಿ, ಮೊಬೈಲ್ ತೆಗೆದು, ಗಾಡಿ ಮೇಲೆ ಕುಳಿತೇ ಅರ್ಧ ಗಂಟೆ ಮಾತಾಡುವವರು ಇದ್ದಾರಲ್ಲ, ಅವರ ಬ್ಯಾಟರಿ ಯಾವ ಲೈಟ್ ಇದ್ದರೂ ಸೊರಗುತ್ತದೆ. ಸಣ್ಣ ಬೈಕ್‌ಗಳಲ್ಲಿ ಇರುವುದೇ 3ರಿಂದ 5 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ. 3ರದ್ದು ಅಂದರೆ 3 ಆಂಪಿಯರ್ ಎಳೆದರೆ ಒಂದು ಗಂಟೆ ಬರುವಂಥದ್ದು, ಅದನ್ನು ಹ್ಯಾಲೊಜೆನ್ ಬಲ್ಬ್ ಒಂದು ಗಂಟೆಯಲ್ಲಿ ಪೂರ್ತಿ ಖಾಲಿ ಮಾಡುತ್ತದೆ. ಅರ್ಧ ಗಂಟೆ ಸಾಕು, ಸೆಲ್ಫ್ ಒತ್ತಿದರೆ ‘ಟಕ್ ಟಕ್’ ಅಂತ ರಿಲೇ ಸದ್ದು ಮಾತ್ರ ಬರುತ್ತದೆ.

ಹಾಗಾಗಿ ಆಫ್ ಮಾಡುವುದಾದರೆ ಕೀಯಲ್ಲಿ ಮಾಡಿ. ಇಷ್ಟು ಹೇಳಿದರೆ ಸಾಕು, ಅರ್ಧ ಜಗಳ ಮುಗಿಯುತ್ತದೆ.

ಇನ್ನರ್ಧ ಜಗಳ ಬೇರೆ. ‘ಇಂಜಿನ್ ಓಡ್ತಾ ಇದ್ರೆ ಬ್ಯಾಟರಿ ಚಾರ್ಜ್ ಆಗುತ್ತಲ್ಲ?’ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ನಿಂತಲ್ಲಿ ಓಡುವಾಗ ಬಹಳ ಕಡಿಮೆ. ಬೈಕ್‌ನಲ್ಲಿ ಕರೆಂಟ್ ಮಾಡುವ ಮ್ಯಾಗ್ನೆಟ್ ಇಂಜಿನ್ ಜೊತೆಗೇ ತಿರುಗುತ್ತದೆ. ಇಂಜಿನ್ ನಿಧಾನವಾದರೆ ಕರೆಂಟೂ ಕಡಿಮೆ. ನನ್ನ ಹತ್ತಿರ ಬಂದವರಿಗೆ ಮಲ್ಟಿಮೀಟರ್ ಇಟ್ಟು ತೋರಿಸುತ್ತೇನೆ. ಇಂಜಿನ್ ಆಫ್ ಇದ್ದು, ಗಾಡಿ ಸ್ವಲ್ಪ ಹೊತ್ತು ನಿಂತ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ತೋರಿಸಬೇಕು. ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗ ಆಕ್ಸಿಲರೇಟರ್ ಮುಟ್ಟದೆ ಸ್ಲೋನಲ್ಲಿ ಬಿಟ್ಟರೆ ಬಹಳಷ್ಟು ಗಾಡಿಗಳಲ್ಲಿ ಮುಳ್ಳು ಅಲ್ಲೇ ಹತ್ತಿರ ಆಡುತ್ತಿರುತ್ತದೆ. ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿದರೆ ಕೆಳಗೇ ಬೀಳುತ್ತದೆ. ಆಕ್ಸಿಲರೇಟರ್ ಕೊಟ್ಟು ಇಂಜಿನ್ 3,000 ಸುತ್ತಿಗೆ ಬಂದಾಗ 14ರ ಆಸುಪಾಸಿಗೆ ಏರುತ್ತದೆ. ಬ್ಯಾಟರಿ ನಿಜವಾಗಿ ಚಾರ್ಜ್ ಆಗುವುದು ಆಗ. ಸ್ಲೋನಲ್ಲಿ ಬಿಟ್ಟು ಬ್ಯಾಟರಿ ತುಂಬಿಸಲು ಹೋಗುವುದು ಸೋರುವ ಬಿಂದಿಗೆಗೆ ನೀರು ಹೊತ್ತ ಹಾಗೆ. ಒಂದು ಸಲ ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟ್, ಗಾಡಿ ಓಡಲು ಶುರುವಾದ ಮೇಲೆ ಒಂದು ನಿಮಿಷದ ಒಳಗೆ ವಾಪಸ್ ಬರುತ್ತದೆ.

ಸೆಲ್ಫ್ ಮೋಟಾರ್ ಸವೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಳಗೆ ಕಾರ್ಬನ್ ಬ್ರಶ್ ಇದೆ, ಅದು ಸವೆಯುತ್ತದೆ. ಆದರೆ ಬಿಸಿ ಇಂಜಿನ್‌ಗೆ ಅರ್ಧ ಸೆಕೆಂಡ್ ತಿರುಗಿದ ಸೆಲ್ಫ್‌ಗೂ, ಸ್ಟಾರ್ಟ್ ಆಗದ ಗಾಡಿಗೆ ಹದಿನೈದು ಸೆಕೆಂಡ್ ಬಟನ್ ಒತ್ತಿ ಹಿಡಿದ ಸೆಲ್ಫ್‌ಗೂ ಬಹಳ ವ್ಯತ್ಯಾಸವಿದೆ. ಸುಟ್ಟು ಬಂದ ಮೋಟಾರ್‌ಗಳನ್ನು ಬಿಚ್ಚಿದಾಗ ಕಾಣುವುದು ಈ ಎರಡನೆಯ ಕಥೆ. ಬಟನ್ ಐದು ಸೆಕೆಂಡ್‌ಗಿಂತ ಜಾಸ್ತಿ ಒತ್ತಬೇಡಿ. ಸ್ಟಾರ್ಟ್ ಆಗದಿದ್ದರೆ ಹತ್ತು ಹದಿನೈದು ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. ಬ್ಯಾಟರಿ ಆಗಲೇ ವೀಕ್ ಆಗಿದ್ದರೆ, ಕಿಕ್ ಕೂಡ ಇಲ್ಲದ ಗಾಡಿಯಾದರೆ, ಹೊಸ ಬ್ಯಾಟರಿ ಹಾಕುವವರೆಗೆ ಸಿಗ್ನಲ್‌ನಲ್ಲಿ ಆಫ್ ಮಾಡುವ ಸಾಹಸ ಬೇಡ. ನಡುರಸ್ತೆಯಲ್ಲಿ ತಳ್ಳಬೇಕಾಗುತ್ತದೆ.

ಸ್ಟಾರ್ಟ್ ಮಾಡಿದಾಗಲೆಲ್ಲ ಇಂಜಿನ್ ಸವೆಯುತ್ತದೆ ಎಂಬ ಮಾತು ಎಲ್ಲಿಂದ ಬಂತು ಅಂದರೆ, ಅದರಲ್ಲಿ ಅರ್ಧ ನಿಜ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ, ತಣ್ಣಗೆ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಆದ ಮೇಲೆ ಅದು ಇಂಜಿನ್‌ನ ಮೇಲ್ಭಾಗದ ಹೆಡ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ವರೆಗೆ ಏರಬೇಕು. ಆ ಮೊದಲ ಕೆಲವು ಸೆಕೆಂಡ್‌ಗಳಲ್ಲಿ ಸವೆತ ಜಾಸ್ತಿ. ಸಿಗ್ನಲ್‌ನಲ್ಲಿ ಒಂದೆರಡು ನಿಮಿಷ ನಿಂತ ಗಾಡಿಯ ಕಥೆ ಹಾಗಲ್ಲ. ಆಯಿಲ್ ಬಿಸಿಯಾಗಿ ತೆಳ್ಳಗಿದೆ, ಬೇರಿಂಗ್, ಕ್ಯಾಮ್, ಪಿಸ್ಟನ್ ಓಡಾಡುವ ಬೋರ್ ಎಲ್ಲದರ ಮೇಲೂ ಪದರ ಕುಳಿತಿದೆ. ಬೆಳಗಿನ ಮಾತನ್ನು ತಂದು ಸಿಗ್ನಲ್‌ಗೆ ಅಂಟಿಸಿದ್ದಾರೆ, ಅಷ್ಟೇ.

ತಮಾಷೆ ಅಂದರೆ, ಸಿಗ್ನಲ್‌ನಲ್ಲಿ ಒಂದು ನಿಮಿಷ ಆಫ್ ಮಾಡಲು ಹೆದರುವವರೇ ಬೆಳಿಗ್ಗೆ ಹತ್ತು ನಿಮಿಷ ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ ಬಿಟ್ಟಿರುತ್ತಾರೆ. ಗಾಡಿ ಅದರ ಪಾಡಿಗೆ ಬಡಬಡಿಸುತ್ತಿರುತ್ತದೆ, ಇವರು ಒಳಗೆ ಬಟ್ಟೆ ಇಸ್ತ್ರಿ ಮಾಡುತ್ತಿರುತ್ತಾರೆ. ಇಂಜಿನ್ ಬಿಸಿಯಾಗಲಿ ಅಂತ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಗಾಡಿಗೆ ಅದರಿಂದ ಒಳ್ಳೆಯದಿಲ್ಲ. ಇಂಜೆಕ್ಷನ್ ಗಾಡಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಸಾಕು. ಹೆಲ್ಮೆಟ್ ಹಾಕಿ, ಬಕಲ್ ಬಿಗಿದು, ಕನ್ನಡಿ ಸರಿ ಮಾಡಿಕೊಳ್ಳುವಷ್ಟು ಹೊತ್ತು. ಕಾರ್ಬುರೇಟರ್ ಗಾಡಿಗೆ, ಚಳಿ ಇದ್ದರೆ, ಚೋಕ್ ಬಿಟ್ಟ ಮೇಲೂ ಉಸಿರು ನಿಲ್ಲದಷ್ಟು ಹೊತ್ತು. ಅದು ಒಂದೆರಡು ನಿಮಿಷ. ಆಮೇಲೆ ಹೊರಡಿ. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ, ಗೇರ್ ಎಳೆಯಬೇಡಿ, ರೇಸ್ ಮಾಡಬೇಡಿ. ಇಂಜಿನ್ ಓಡುತ್ತಾ ಬಿಸಿಯಾಗುವುದೇ ಬೇಗ. ನಿಂತಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಸರಿಯಾಗಿ ಬಿಸಿಯಾಗುವುದಿಲ್ಲ, ಚೈನ್, ಟೈರ್, ಚಕ್ರದ ಬೇರಿಂಗ್ ಯಾವುದೂ ಬಿಸಿಯಾಗುವುದಿಲ್ಲ.

ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೀಳುತ್ತದೆ. ಚೋಕ್ ಮಾಡುವುದೂ ಅದನ್ನೇ, ಇಂಜೆಕ್ಷನ್ ಕಂಪ್ಯೂಟರ್ ಮಾಡುವುದೂ ಅದನ್ನೇ. ಅದರಲ್ಲಿ ಸ್ವಲ್ಪ ಉರಿಯದೆ ಬೋರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗೆ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಪೆಟ್ರೋಲ್‌ಗೆ ಕಿಡಿ ಕೊಡುವ ಪ್ಲಗ್ ಕಥೆಯೂ ಇದೇ. ಪ್ಲಗ್‌ನ ತುದಿ 450, 500 ಡಿಗ್ರಿ ದಾಟಿದರೆ ಮೇಲೆ ಕುಳಿತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸ್ಲೋನಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಬಿಚ್ಚಿದ ಪ್ಲಗ್ ನೋಡಿದರೆ ಯಾರು ಗಾಡಿ ಓಡಿಸುತ್ತಾರೆ, ಯಾರು ನಿಲ್ಲಿಸಿ ಬಿಡುತ್ತಾರೆ ಅಂತ ಒಂದು ಅಂದಾಜು ಸಿಗುತ್ತದೆ. ಚೆನ್ನಾಗಿ ಓಡುವ ಗಾಡಿಯದ್ದು ಕಂದು ಬಣ್ಣ. ನಿಂತು ನಿಂತು ಓಡುವುದರದ್ದು ಕಪ್ಪು, ಒಣ ಮಸಿ, ಬೆರಳಿಗೆ ಅಂಟುತ್ತದೆ. ಏರ್ ಫಿಲ್ಟರ್ ಕಟ್ಟಿದ್ದರೂ ಹೀಗೇ ಆಗುತ್ತದೆ, ಅದನ್ನು ಮೊದಲು ನೋಡಬೇಕು. ಸೈಲೆನ್ಸರ್ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ 250, 300 ಡಿಗ್ರಿ ಆಗುವವರೆಗೆ ಹೊಗೆ ಶುದ್ಧ ಮಾಡುವ ಕೆಲಸ ಶುರು ಮಾಡುವುದಿಲ್ಲ. ಬೆಳಗಿನ ಆ ಹತ್ತು ನಿಮಿಷದ ಹೊಗೆ ದಿನದಲ್ಲೇ ಅತಿ ಕೆಟ್ಟ ಹೊಗೆ. ಅದು ಮೊದಲು ಹೋಗುವುದು ನಿಮ್ಮ ಮನೆಯ ಕಿಟಕಿಗೇ.

ಇದಕ್ಕಿಂತ ಕೆಟ್ಟದ್ದು ವಾರಕ್ಕೊಂದು ಸಲದ ಸ್ಟಾರ್ಟು. ಗಾಡಿ ಓಡಿಸದೆ ತಿಂಗಳುಗಟ್ಟಲೆ ಇಟ್ಟವರು, ಹಾಳಾಗಬಾರದು ಅಂತ ಭಾನುವಾರ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಇದರಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲ್ ಉರಿದಾಗ ಬರೀ ಹೊಗೆ ಬರುವುದಿಲ್ಲ, ನೀರೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು! ನಂಬದವರು ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿ ನೋಡಿ, ಹನಿ ಹನಿ ಬೀಳುತ್ತಿರುತ್ತದೆ. ಇಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೋಗುತ್ತದೆ. ಐದು ನಿಮಿಷದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಿರುವುದಿಲ್ಲ. ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತದೆ, ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿದ ಆವಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬಿಳಿ ಹಳದಿ ನೊರೆ ಮೆತ್ತಿಕೊಂಡಿರುತ್ತದೆ. ಅದನ್ನು ನೋಡಿ ‘ಹೆಡ್ ಗ್ಯಾಸ್ಕೆಟ್ ಹೋಯ್ತು’ ಅಂತ ಗಾಬರಿಯಾಗಿ ಬರುತ್ತಾರೆ. ಗ್ಯಾಸ್ಕೆಟ್ ಹೋದರೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಆಯಿಲ್‌ಗೆ ಸೇರಿ ಹೀಗಾಗಬಹುದು. ಆದರೆ ಗಾಳಿಯಿಂದಲೇ ತಣ್ಣಗಾಗುವ ಏರ್-ಕೂಲ್ಡ್ ಗಾಡಿಯಲ್ಲಿ ಸೇರಲು ಕೂಲಂಟ್ ಎಲ್ಲಿದೆ? ಆಯಿಲ್ ಬದಲಾಯಿಸಿ, ‘ಇನ್ನು ಮೇಲೆ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ’ ಅಂತ ಹೇಳಿ ಕಳಿಸುತ್ತೇನೆ. ಬ್ಯಾಟರಿಗೂ ಈ ಭಾನುವಾರದ ಪೂಜೆಯಿಂದ ನಷ್ಟವೇ. ತಣ್ಣಗಿನ ಇಂಜಿನ್ ತಿರುಗಿಸಲು ಜಾಸ್ತಿ ಕರೆಂಟ್ ಹೋಗುತ್ತದೆ, ಸ್ಲೋನಲ್ಲಿ ಅದು ವಾಪಸ್ ಬರುವುದಿಲ್ಲ. ಬಹಳ ದಿನ ಇಡುವುದಾದರೆ ನೆಗೆಟಿವ್ ವೈರ್ ಬಿಚ್ಚಿಡಿ, ಅಥವಾ ಚಾರ್ಜರ್ ಹಾಕಿ.

ಬಿಸಿ ವಿಷಯವನ್ನೂ ಹೇಳಬೇಕು. ಸಣ್ಣ ಬೈಕ್‌ಗಳಲ್ಲಿ ಹೆಚ್ಚಿನವು ಏರ್-ಕೂಲ್ಡ್. ಇಂಜಿನ್ ಸುತ್ತ ಇರುವ ಆ ರೆಕ್ಕೆಗಳಿಗೆ ಗಾಳಿ ತಾಗಬೇಕು, ಗಾಳಿ ತಾಗಲು ಗಾಡಿ ಓಡಬೇಕು. ನಿಂತಲ್ಲಿ ಓಡಿಸಿದರೆ ಬಿಸಿ ಹೋಗಲು ದಾರಿ ಇಲ್ಲ. ಬೇಸಿಗೆಯ ಮಧ್ಯಾಹ್ನ ಜಾಮ್‌ನಲ್ಲಿ ಸಿಕ್ಕಿಕೊಂಡಾಗ ತೊಡೆಗೆ ತಾಗುವ ಬಿಸಿ ಅದೇ. ಆಯಿಲ್ ತೆಳುವಾಗುತ್ತದೆ, ನ್ಯೂಟ್ರಲ್ ಬೀಳುವುದು ಕಷ್ಟವಾಗುತ್ತದೆ, ಟ್ಯಾಪೆಟ್ ಸದ್ದು ಶುರುವಾಗುತ್ತದೆ. ಇಂಥ ಜಾಮ್‌ನಲ್ಲಿ ಇಂಜಿನ್ ಆಫ್ ಮಾಡುವುದು ಅದಕ್ಕೆ ಕೊಡುವ ವಿಶ್ರಾಂತಿ. ಸ್ಕೂಟರ್‌ಗಳಲ್ಲಿ ಇಂಜಿನ್ ಜೊತೆ ತಿರುಗುವ ಫ್ಯಾನ್ ಇರುತ್ತದೆ, ಅವು ಸ್ವಲ್ಪ ತಡೆದುಕೊಳ್ಳುತ್ತವೆ. ಕೂಲಂಟ್ ಇರುವ ದೊಡ್ಡ ಬೈಕ್‌ಗಳಲ್ಲಿ ರೇಡಿಯೇಟರ್ ಫ್ಯಾನ್ ಇದೆ. ಮನೆ ತಲುಪಿದ ಮೇಲೆ ‘ತಣ್ಣಗಾಗಲಿ’ ಅಂತ ಏರ್-ಕೂಲ್ಡ್ ಬೈಕನ್ನು ಎರಡು ನಿಮಿಷ ಓಡಲು ಬಿಡುವವರು ಇದ್ದಾರೆ. ಅದು ಟರ್ಬೊ ಇರುವ ಕಾರಿನ ಪದ್ಧತಿ. ನಿಂತ ಬೈಕ್ ಓಡುತ್ತಿದ್ದರೆ ತಣ್ಣಗಾಗುವುದು ಹೇಗೆ? ಆಫ್ ಮಾಡುವ ಮೊದಲು ಒಂದು ಸಲ ‘ರೊಂಯ್’ ಅಂತ ರೇಸ್ ಮಾಡಿ ಕೀ ತಿರುಗಿಸುವುದಕ್ಕಂತೂ ಅರ್ಥವೇ ಇಲ್ಲ. ಅದರಿಂದ ಲಾಭ ಆದದ್ದನ್ನು ನಾನಂತೂ ನೋಡಿಲ್ಲ, ಮಲಗಿದ ಮಗು ಎದ್ದದ್ದು ನೋಡಿದ್ದೇನೆ.

ಆಫ್ ಮಾಡಬಾರದ ಜಾಗಗಳೂ ಇವೆ. ಆ ಓದುಗರು ಇದನ್ನು ಹೇಳಿದ್ದರೆ ನಾನೂ ತಲೆದೂಗುತ್ತಿದ್ದೆ. ಸಿಗ್ನಲ್‌ಗೆ ಬಂದು ನಿಂತಾಗ ನಿಮ್ಮ ಹಿಂದೆ ಯಾರೂ ಇಲ್ಲ ಅಂದರೆ ಆಫ್ ಮಾಡಬೇಡಿ. ಫಸ್ಟ್ ಗೇರ್‌ನಲ್ಲಿ ಕ್ಲಚ್ ಹಿಡಿದು, ಒಂದು ಕಣ್ಣು ಕನ್ನಡಿಯಲ್ಲಿ ಇಟ್ಟಿರಿ. ಹಿಂದಿನಿಂದ ಬರುವ ಲಾರಿ ನಿಮ್ಮನ್ನು ನೋಡದೆ ಬಂದರೆ ಪಕ್ಕಕ್ಕೆ ಜಾರಲು ಇಂಜಿನ್ ಬೇಕು. ಹಿಂದೆ ಎರಡು ಮೂರು ಗಾಡಿ ಬಂದು ನಿಂತ ಮೇಲೆ ನ್ಯೂಟ್ರಲ್ ಮಾಡಿ, ಆಫ್ ಮಾಡಿ. ರಾತ್ರಿಯಲ್ಲಿ ಇನ್ನೂ ಹುಷಾರು. ಕೀ ತಿರುಗಿಸಿದರೆ ಹಿಂದಿನ ಕೆಂಪು ಲೈಟೂ ಆರುತ್ತದೆ. ಸಾಲಿನ ಕೊನೆಯಲ್ಲಿ ನೀವೇ ಇದ್ದರೆ ಕತ್ತಲಲ್ಲಿ ನೀವು ಇಲ್ಲದ ಹಾಗೆ. ಅಂಥ ಕಡೆ ಪೆಟ್ರೋಲ್ ಹೋದರೆ ಹೋಗಲಿ, ಓಡುತ್ತಿರಲಿ. ಏರು ರಸ್ತೆಯಲ್ಲಿ, ಹಿಂದೆ ಸವಾರರು ಕುಳಿತಿದ್ದು ಕಾಲು ಸರಿಯಾಗಿ ಊರಲು ಆಗದಿದ್ದರೂ ಅಷ್ಟೇ. ರೈಲ್ವೆ ಗೇಟ್ ಆದರೆ ಎರಡನೇ ಮಾತಿಲ್ಲ, ಗೇಟ್ ಬಿದ್ದ ತಕ್ಷಣ ಎಲ್ಲರೂ ಆಫ್ ಮಾಡಬಹುದು. ಆದರೂ ಐದಾರು ನಿಮಿಷ ಹೊಗೆ ಕುಡಿಯುತ್ತಾ ನಿಲ್ಲುತ್ತೇವೆ!

ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಇಳಿಯುವವರ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ, ಅದು ಉಳಿತಾಯ ಅಲ್ಲ. ಗೇರ್‌ನಲ್ಲಿ ಇಳಿದರೆ ಇಂಜಿನ್ ತಾನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಲ್ಲ ಭಾರ ಬ್ರೇಕ್ ಮೇಲೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕೀ ಆಫ್ ಆದರೆ ಹಾರ್ನ್ ಇಲ್ಲ, ಲೈಟ್ ಇಲ್ಲ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಅದೂ ಇಲ್ಲ. ಇಂಜೆಕ್ಷನ್ ಗಾಡಿಯವರಿಗೆ ಇನ್ನೊಂದು ಮಾತು. ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ, ಇಂಜಿನ್ ವೇಗವಾಗಿ ತಿರುಗುತ್ತಿರುವಷ್ಟು ಹೊತ್ತು ಅದಕ್ಕೆ ಪೆಟ್ರೋಲ್ ಹೋಗುವುದನ್ನೇ ಕಂಪ್ಯೂಟರ್ ನಿಲ್ಲಿಸಿರುತ್ತದೆ. ನೀವು ಆಫ್ ಮಾಡಿ ಉಳಿಸಲು ಅಲ್ಲಿ ಏನೂ ಇಲ್ಲ.

ಇನ್ನೊಂದು ವಿಷಯ ತಮಾಷೆಯದ್ದಲ್ಲ. ಮುಚ್ಚಿದ ಶೆಡ್, ಗ್ಯಾರೇಜ್, ಗಾಳಿ ಆಡದ ನೆಲಮಾಳಿಗೆ, ಇಂಥ ಕಡೆ ಒಂದು ನಿಮಿಷವೂ ಬೈಕ್ ಸ್ಟಾರ್ಟ್ ಮಾಡಿ ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆ ಸುತ್ತು, ಆಮೇಲೆ ನಿದ್ದೆ ಬಂದ ಹಾಗೆ. ಎದ್ದು ಹೊರಗೆ ಹೋಗಬೇಕು ಅಂತ ಅನ್ನಿಸುವ ಹೊತ್ತಿಗೆ ಕಾಲು ಕೇಳುವುದಿಲ್ಲ. ಬಾಗಿಲು ಅರ್ಧ ತೆರೆದಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಟ್ಯೂನಿಂಗ್ ಮಾಡಬೇಕಾದರೆ ನಾನು ಮಳೆಯಲ್ಲೂ ಗಾಡಿಯನ್ನು ಹೊರಗೆ ಸೂರಿನ ಕೆಳಗೆ ತಂದೇ ಮಾಡುತ್ತೇನೆ. ನಮ್ಮ ಹುಡುಗರು ಗೊಣಗುತ್ತಾರೆ, ಗೊಣಗಲಿ.

ಹೊಸದಾಗಿ ಅಭ್ಯಾಸ ಮಾಡಿಕೊಳ್ಳುವವರಿಗೆ ಕೈಗೆ ಸಂಬಂಧಪಟ್ಟ ಒಂದು ಮಾತು. ಹಸಿರು ಬಿದ್ದ ಮೇಲೆ ಕೀ ಹುಡುಕಬೇಡಿ. ಟೈಮರ್ ಇರುವ ಸಿಗ್ನಲ್ ಆದರೆ ಐದಾರು ಸೆಕೆಂಡ್ ಉಳಿದಾಗಲೇ ಕೀ ಆನ್ ಮಾಡಿ. ಇಂಜೆಕ್ಷನ್ ಗಾಡಿಯಲ್ಲಿ ಟ್ಯಾಂಕ್ ಒಳಗಿಂದ ‘ಜುಂಯ್’ ಅಂತ ಸಣ್ಣ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪ್ ಪ್ರೆಶರ್ ಕಟ್ಟುವ ಸದ್ದು, ಎರಡು ಮೂರು ಸೆಕೆಂಡ್‌ನಲ್ಲಿ ನಿಲ್ಲುತ್ತದೆ. ಅದು ನಿಂತ ಮೇಲೆ ಸೆಲ್ಫ್ ಒತ್ತಿ. ಆಕ್ಸಿಲರೇಟರ್ ಕೊಡಬೇಡಿ, ಬೇಕಾಗುವುದಿಲ್ಲ. ಟೈಮರ್ ಇಲ್ಲದಿದ್ದರೆ ಅಡ್ಡ ರಸ್ತೆಯ ಗಾಡಿಗಳು ನಿಧಾನವಾಗುವುದನ್ನು ನೋಡಿ, ಅಷ್ಟು ಸಾಕು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ ಎಂಬ ಹೆದರಿಕೆಗೇ ಎಷ್ಟೋ ಜನ ಆಫ್ ಮಾಡುವುದಿಲ್ಲ ಅನ್ನುವುದು ನನ್ನ ಅನುಮಾನ. ಬ್ಯಾಟರಿ, ಸೆಲ್ಫ್ ಎಲ್ಲ ಆಮೇಲೆ ಹುಡುಕಿದ ಕಾರಣಗಳು. ಆಫ್ ಮಾಡಿದರೂ ಹಾರ್ನ್ ಹೊಡೆಯುತ್ತಾರೆ, ಮಾಡದಿದ್ದರೂ ಹೊಡೆಯುತ್ತಾರೆ, ಅಲ್ವಾ?

ಕೊನೆಗೆ ಪತ್ರಿಕೆಗೆ ಒಂದು ವಿನಂತಿ. ಹೊಸ ಬೈಕ್ ಬಂದಾಗಲೆಲ್ಲ ನಿಮ್ಮ ವಾಹನ ಪುಟದಲ್ಲಿ ಟಾಪ್ ಸ್ಪೀಡ್, ಪಿಕಪ್, ಬಣ್ಣ ಎಲ್ಲ ಬರೆಯುತ್ತೀರಿ. ಅದರ ಜೊತೆ ಎರಡು ಸಾಲು ಸೇರಿಸಿ. ಇಂಜಿನ್ ನಿಂತು ಕೀ ಆನ್ ಇದ್ದಾಗ ಹೆಡ್‌ಲೈಟ್ ಉರಿಯುತ್ತದೆಯೇ, ಇಲ್ಲವೇ? ಬ್ಯಾಟರಿ ಎಷ್ಟು ಆಂಪಿಯರ್-ಅವರ್‌ನದು, ಕಿಕ್ ಇದೆಯೇ? ಶೋರೂಮ್‌ನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಕೇಳಬೇಕು ಅಂತ ಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಬ್ಯಾಟರಿ ಡೌನ್ ಆದ ಮೇಲೆ ನನ್ನ ಹತ್ತಿರ ಬಂದು ಕೇಳುತ್ತಾರೆ.

ಇಂತಿ,
ಒಬ್ಬ ಬೈಕ್ ಮೆಕ್ಯಾನಿಕ್